ಹಿಂದಿನ ಸೀಟಿನ ಮೈಕು

ನನ್ನ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಅದನ್ನು ಕೊಯ್ದು ತೆಗೆಯಬೇಕು ಎಂಬ ಸಂಗತಿ ನನಗೆ ತಿಳಿದದ್ದು ಹೆಡ್‌ಫೋನಿನಲ್ಲಿ. ಡಾಕ್ಟರು ಕರೆದು ಹೇಳಿದ್ದಲ್ಲ, ನೆಂಟರು ಫೋನು ಮಾಡಿದ್ದಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕೊಳ್ಳೇಗಾಲದಿಂದ ಹನೂರಿಗೆ ಹೋಗಿಬಂದ ಬೈಕ್ ಸವಾರಿಯ ವಿಡಿಯೋದಲ್ಲಿ ಗಾಳಿಯ ಸದ್ದು ಕಡಿಮೆ ಮಾಡೋಣವೆಂದು ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಅಡುಗೆಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು. ಅದೇ ಹೊತ್ತಿಗೆ ನನ್ನ ಕಿವಿಯೊಳಗೂ ಇದ್ದಳು. ಅಲ್ಲಿದ್ದವಳು ಹೇಳಿದಳು.

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ನಾನು ಕ್ಯಾಮೆರಾ ಕೊಂಡ ಫಜೀತಿಯಿಂದ ಶುರುಮಾಡಬೇಕು.

ನಾನು ಹುಟ್ಟಾ ಚಿಂತೆಯ ಆಸಾಮಿ. ಸತ್ತೇಗಾಲದವರೆಗೆ ಹೋಗಿ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದವನು. ಬಂದು ಬೀಗ ನೋಡಿ, ಮತ್ತೆ ಹೊರಟು, ಈಗ ಜಗ್ಗಿ ನೋಡಿದ್ದರಿಂದ ಬೀಗ ಸಡಿಲವಾಗಿರಬಹುದೇ ಎಂದು ದಾರಿಯುದ್ದಕ್ಕೂ ಯೋಚಿಸಿದವನು. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿ ಸಂಬಳ ತೆಗೆದುಕೊಳ್ಳುತ್ತೇನಾದರೂ "ನಿಮ್ಗೆ ಸರ್ಕಾರ ಕೊಡೋದು ಚಿಂತೆ ಮಾಡಕ್ಕೆ" ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಇಂಥವನಿಗೂ ಒಂದು ಹುಚ್ಚಿತ್ತು. ರಜೆ ಸಿಕ್ಕರೆ ಬೈಕು ಹತ್ತುವುದು. ಯಳಂದೂರಿನ ಮೇಲೆ ಹಾದು ಬಿಳಿಗಿರಿಯ ಬುಡದವರೆಗೆ, ಹನೂರಿಗೆ, ಧೈರ್ಯ ಬಂದ ದಿನ ಪಾಲಾರ್‌ವರೆಗೆ. ಸಂಜೆ ಮನೆಗೆ ಬಂದು ಮೊಬೈಲಿನಲ್ಲಿ ಬೇರೆಯವರ ಸವಾರಿಯ ವಿಡಿಯೋ ನೋಡುವುದು. ನೋಡುತ್ತ ನೋಡುತ್ತ, ಇವರಿಗಿಂತ ನಾನೇನು ಕಡಿಮೆ ಎನ್ನಿಸಿತು. ಮನೆಯಲ್ಲಿ ಹಾಗೆ ಹೇಳಲಾಗುವುದಿಲ್ಲವಲ್ಲ. ದಾರಿಯಲ್ಲಿ ಯಾರಾದರೂ ಬಂದು ಗುದ್ದಿದರೆ ಸಾಕ್ಷಿ ಬೇಕು, ಅದಕ್ಕೆ ಕ್ಯಾಮೆರಾ ಎಂದೆ.

"ಗುದ್ದುಸ್ಕಂಡ್ಮೇಲೆ ನೋಡ್ಕಳಕ್ಕಾ?" ಎಂದಳು.

ಕೊಳ್ಳೇಗಾಲದಲ್ಲಿ ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ ಇಟ್ಟಿರುವ ಗೆಳೆಯನೊಬ್ಬನಿದ್ದಾನೆ, ಹೈಸ್ಕೂಲಿನಲ್ಲಿ ಜೊತೆಗೆ ಓದಿದವನು. ಅವನನ್ನು ಕೇಳಲು ಹೋದೆ.

"ನೀನ್ ಗಾಡಿ ಓಡ್ಸೋದ್ನ ಯಾರ್ಲಾ ನೋಡ್ತಾರೆ? ಎತ್ತಿನ್ ಗಾಡಿನೂ ನಿನ್ ಸೈಡ್ ಒಡ್ಕಂಡು ಓಯ್ತದೆ."

"ಅದ್ಕೇ ಕಣ್ಲಾ ನೋಡೋದು. ನಿಧಾನಕ್ ಓದ್ರೆ ಊರು ಕಾಣ್ತದೆ."

"ಊರ್ ನೋಡೋರು ಬಸ್ಸಲ್ಲೋಯ್ತಾರೆ ಬುಡು."

ಕೊನೆಗೂ ಒಂದು ಪುಟ್ಟ ಕ್ಯಾಮೆರಾ ತರಿಸಿದೆವು, ಬೆಂಕಿಪೊಟ್ಟಣದ ಅಣ್ಣನಂತಿರುವುದು. ಅದನ್ನು ಎಲ್ಲಿ ಕಟ್ಟುವುದು ಎಂಬುದು ಕ್ಯಾಮೆರಾಕ್ಕಿಂತ ದೊಡ್ಡ ಪ್ರಶ್ನೆಯಾಯಿತು. ಹ್ಯಾಂಡಲಿಗೆ ಕಟ್ಟಿದರೆ ಹಳ್ಳಕ್ಕೆ ಇಳಿದಾಗ ಕಿತ್ತುಹೋದೀತೆಂಬ ಭಯ. ಎದೆಗೆ ಬೆಲ್ಟಿನಲ್ಲಿ ಬಿಗಿದು ಕನ್ನಡಿಯ ಮುಂದೆ ನಿಂತು ನೋಡಿದರೆ, ನನ್ನ ಹೊಟ್ಟೆಯ ಉಬ್ಬಿಗೆ ಕ್ಯಾಮೆರಾ ಅಂಗಾತ ಮಲಗಿ ಸೂರಿನ ಫ್ಯಾನು ನೋಡುತ್ತಿತ್ತು. ಉಳಿದದ್ದು ಹೆಲ್ಮೆಟ್ಟಿನ ಗಲ್ಲ. ನನ್ನ ಹಳೆಯ ಹೆಲ್ಮೆಟ್ಟಿಗೆ ಗಲ್ಲವೇ ಇರಲಿಲ್ಲ. ಹಾಗಾಗಿ ಮುಖ ಪೂರ್ತಿ ಮುಚ್ಚುವ ಹೊಸ ಹೆಲ್ಮೆಟ್ಟು ಬಂತು. ಪರೀಕ್ಷೆಗೆಂದು ಅಂಗಳದಲ್ಲಿ ತೆಗೆದ ವಿಡಿಯೋ ಹಾಕಿ ನೋಡಿದರೆ ಮನೆಯ ಹಳೆಯ ಕಂಪ್ಯೂಟರು ಮೊದಲ ದೃಶ್ಯಕ್ಕೇ ಸ್ತಬ್ಧವಾಯಿತು. ಹಾಗಾಗಿ ಲ್ಯಾಪ್‌ಟಾಪು ಬಂತು.

"ಕ್ಯಾಮ್ರ ತತ್ತೀನಿ ಅಂದ್ರಿ, ಎಲ್ಮೆಟ್ ಬಂತು. ಎಲ್ಮೆಟ್ ಬಂತಲ್ಲ ಅಂದ್ರೆ ಕಂಪ್ಯೂಟ್ರು. ನಾಳೆ ಕ್ಯಾಮ್ರಕ್ಕೊಂದು ಮನೆ ಕಟ್ಟುಸ್ತೀರಾ?"

ಮೊದಲು ಯಳಂದೂರಿಗೆ ಒಬ್ಬನೇ ಹೋಗಿ ಬಂದೆ. ಸ್ಟುಡಿಯೋದ ದೊಡ್ಡ ಪರದೆಯ ಮೇಲೆ ಅದನ್ನು ನೋಡಿದಾಗ ನನಗೆ ಮೊದಲ ಆಘಾತ. ರಸ್ತೆಯೇ ಇಲ್ಲ! ಇಡೀ ವಿಡಿಯೋ ಪೆಟ್ರೋಲಿನ ಮುಳ್ಳು, ಸೈಡ್ ಸ್ಟ್ಯಾಂಡು, ಕನ್ನಡಿ, ಮತ್ತೆ ಪೆಟ್ರೋಲಿನ ಮುಳ್ಳು. ನಾನು ತಲೆ ತಿರುಗಿಸಿದ ಕಡೆಗೆಲ್ಲ ಕ್ಯಾಮೆರಾ ತಿರುಗಿತ್ತು, ನಾನು ಇಷ್ಟು ವರ್ಷ ಗಾಡಿ ಓಡಿಸುವಾಗ ಏನು ನೋಡುತ್ತಿದ್ದೆ ಎಂಬುದು ಬಯಲಾಗಿತ್ತು. ಸದ್ದಂತೂ ಬೇಡ. ಗಾಳಿಯ ಭೋರ್ಗರೆತದ ನಡುವೆ ನನ್ನ ಏದುಸಿರು.

"ಎಮ್ಮೆ ಕರ ಆಕೋ ಅಂಗದೆ ಕಣ್ಲಾ," ಎಂದು ಗೆಳೆಯ ಮೇಜು ತಟ್ಟಿ ನಕ್ಕ. ನಕ್ಕು ಮುಗಿದ ಮೇಲೆ ಹೇಳಿದ: "ನೋಡು, ಚಿತ್ರ ಅಲ್ಲಾಡುದ್ರೆ ಜನ ತಡ್ಕತಾರೆ. ಸೌಂಡ್ ಕೆಟ್ರೆ ತಡ್ಕಳಲ್ಲ. ತಾಳಿ ಕಟ್ಟೋದು ವಸಿ ಮಂಜಾದ್ರೂ ದುಡ್ಡು ಕೊಡ್ತಾರೆ, ವಾಲಗ ಕೇಳಿಸ್ಲಿಲ್ಲ ಅಂದ್ರೆ ಒಡಿಯಕ್ ಬತ್ತಾರೆ."

ತಾನು ಮದುವೆಗಳಲ್ಲಿ ಬಳಸಿ ಬಿಟ್ಟಿದ್ದ ವೈರಿಲ್ಲದ ಮೈಕಿನ ಸೆಟ್ಟು ಕೊಟ್ಟ. ಗುಂಡಿಯಂತೆ ಬಟ್ಟೆಗೆ ಸಿಕ್ಕಿಸುವ ಎರಡು ಪುಟ್ಟ ಮೈಕು, ಗಾಳಿ ತಡೆಯಲು ಎರಡಕ್ಕೂ ರೋಮದ ಟೋಪಿ. "ಗಂಡಿಗೊಂದು, ಎಣ್ಣಿಗೊಂದು," ಎಂದ. ನನಗೆ ಬೇಕಿದ್ದದ್ದು ಒಂದೇ. ಆದರೆ ಮನೆಗೆ ಬಂದ ವಸ್ತು ಪೆಟ್ಟಿಗೆಯಲ್ಲಿ ಸುಮ್ಮನೆ ಕೂತರೆ ನನ್ನ ಹೊಟ್ಟೆಗೆ ಅನ್ನ ಇಳಿಯುವುದಿಲ್ಲ. ಒಂದನ್ನು ನನ್ನ ಹೆಲ್ಮೆಟ್ಟಿನೊಳಗೆ ಅಂಟಿಸಿದೆ. ಇನ್ನೊಂದನ್ನು ಮುಂದಿನ ಭಾನುವಾರ ಹನೂರಿಗೆ ಹೊರಟಾಗ ಹೆಂಡತಿಯ ಚೂಡಿದಾರದ ಕತ್ತಿನಂಚಿಗೆ ಸಿಕ್ಕಿಸಿದೆ.

"ನಂಗ್ಯಾಕ್ರಿ ಇದು?"

"ಎರಡು ಕಡೆ ಇದ್ರೆ ಒಂದ್ರಲ್ಲಾದ್ರೂ ಸೌಂಡ್ ಸರಿಯಾಗಿ ಬತ್ತದಂತೆ."

ಅವಳು ಕತ್ತು ಬಗ್ಗಿಸಿ, "ಹಲೋ, ಹಲೋ, ಕೊಳ್ಳೇಗಾಲದ ಮಹಾಜನಗಳಲ್ಲಿ ವಿನಂತಿ, ನಮ್ಮನೇವ್ರು ಕಳ್ದೋಗವ್ರೆ," ಎಂದಳು. ಅದರ ಮೇಲೆ ದುಪ್ಪಟ್ಟ ಎಳೆದುಕೊಂಡಳು. ಬಸ್‌ಸ್ಟ್ಯಾಂಡು ದಾಟುವಷ್ಟರಲ್ಲಿ ಇಬ್ಬರೂ ಅದನ್ನು ಮರೆತೆವು.

ಹನೂರಿನಲ್ಲಿ ಅವಳ ಅಕ್ಕನ ಮನೆ. ಆ ಕೆಲವು ತಿಂಗಳುಗಳಿಂದ ಅವಳು ಅಕ್ಕನ ಮನೆಗೆ ಹೋಗೋಣವೆಂದು ಪದೇ ಪದೇ ಹೇಳುತ್ತಿದ್ದಳು. ಇಷ್ಟು ಸಲ ಯಾಕೆ ಎಂದು ನಾನು ಕೇಳಲಿಲ್ಲ. ಬೈಕು ಹೊರತೆಗೆಯಲು ನೆಪ ಸಿಕ್ಕವನು ಪ್ರಶ್ನೆ ಕೇಳುತ್ತಾನೆಯೇ?

ಇಲ್ಲಿ ನಮ್ಮ ಕಡೆಯ ಗಂಡಂದಿರ ಒಂದು ಪದ್ಧತಿಯನ್ನು ಹೇಳಬೇಕು. ಬೈಕಿನ ಹಿಂದೆ ಹೆಂಡತಿ ಕೂತು ಮಾತಾಡುತ್ತಾಳೆ. ಅರ್ಧ ಮಾತು ಗಾಳಿಗೆ ಹೋಗುತ್ತದೆ, ಉಳಿದರ್ಧ ಹೆಲ್ಮೆಟ್ಟಿಗೆ ಬಡಿದು ಬೀಳುತ್ತದೆ. ಗಂಡ "ಹೂಂ" ಎನ್ನುತ್ತಾನೆ. ಹೂಂ ಎನ್ನದಿದ್ದರೆ ಕೋಪ ಬಂದಿದೆಯೆಂದು ಅರ್ಥ. "ಏನು?" ಎಂದು ಕೇಳಿದರೆ ಅವಳು ಇನ್ನೊಮ್ಮೆ ಕೂಗಬೇಕು, ಮೂರನೆಯ ಸಲ "ಏನಿಲ್ಲ ಬುಡಿ" ಎನ್ನುತ್ತಾಳೆ, ಅಲ್ಲಿಗೆ ಆ ದಿನ ಕೆಟ್ಟಿತು. ಹಾಗಾಗಿ ಎಲ್ಲರೂ ಹೂಂ ಎನ್ನುತ್ತಾರೆ. ಗಾಡಿ ಹೋಗುತ್ತಿರುತ್ತದೆ, ಸಂಸಾರವೂ ಹೋಗುತ್ತಿರುತ್ತದೆ. ಮುಖ ಮುಚ್ಚುವ ಹೆಲ್ಮೆಟ್ಟು ಬಂದ ಮೇಲಂತೂ ನನಗೆ ಬೆನ್ನ ಹಿಂದೆ ಏನೋ ಗುಂಯ್‌ಗುಡುತ್ತಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಗುಂಯ್ ನಿಂತಾಗ ಹೂಂ ಎನ್ನುತ್ತಿದ್ದೆ.

ವಾರ ಕಳೆದು ಆ ವಿಡಿಯೋವನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ಕೆಳಗೆ ಸದ್ದಿನ ಎರಡು ಪಟ್ಟಿ. ಮೇಲಿನದು ನನ್ನ ಮೈಕಿನದು, ಕೆಳಗಿನದು ಅವಳದು. ಮೇಲಿನದು ಕೇಳಿದೆ: ಅದೇ ಎಮ್ಮೆ. ಕೆಳಗಿನದು ಕೇಳಿದೆ: ಬೆಚ್ಚಿದೆ. ಗಾಳಿಯೇ ಇಲ್ಲ! ನನ್ನ ಅಗಲವಾದ ಬೆನ್ನು ಗೋಡೆಯಂತೆ ಗಾಳಿಯನ್ನೆಲ್ಲ ತಡೆದಿತ್ತು. ಎದುರಿಗೆ ಬಂದ ಬಸ್ಸಿನ ಹಾರನ್ನು, ಮಧುವನಹಳ್ಳಿಯಲ್ಲಿ ಯಾರೋ ಯಾರನ್ನೋ ಕೂಗಿದ್ದು, ಅವಳ ಬಳೆಯ ಸದ್ದು, ಎಲ್ಲ ಪಕ್ಕದಲ್ಲೇ ನಡೆದಂತೆ. ಗೆಳೆಯನಿಗೆ ಫೋನು ಮಾಡಿ ಎಲ್ಲರೂ ಮೈಕನ್ನು ಹಿಂದಿನ ಸೀಟಿಗೇ ಇಡಬೇಕು ಎಂದು ಹೇಳಬೇಕೆನ್ನಿಸಿತು. ಆ ಖುಷಿಯಲ್ಲಿ ಸ್ವಲ್ಪ ಹೊತ್ತು ಬರೀ ಸದ್ದಿನ ಗುಣವನ್ನೇ ಕೇಳುತ್ತಿದ್ದೆ, ಮಾತನ್ನು ಕೇಳಲೇ ಇಲ್ಲ. ಆಮೇಲೆ ಮಾತೂ ಕೇಳಿಸಿತು.

"ಏನ್ರಿ, ಮೈಸೂರಿನ್ ಆಸ್ಪತ್ರೇಲಿ ಡೇಟ್ ಕೊಟ್ಟವ್ರೆ. ನಾಳೆ ಅಲ್ಲ, ಅದ್ರ ಮುಂದಿನ್ ಸೋಮವಾರ ಬಂದು ಅಡ್ಮಿಟ್ ಆಗಿ ಅಂದವ್ರೆ."

ಮೇಲಿನ ಪಟ್ಟಿಯಲ್ಲಿ ನಾನು: "ಹೂಂ."

"ಗಡ್ಡೆ ಅವತ್ ಏಳಿದ್ನಲ್ಲ, ಅದ್ಕಿಂತ ದೊಡ್ದಾಗದಂತೆ. ಗರ್ಭಕೋಶ ಸಮೇತ ತಗೀಬೇಕಂತೆ."

"ಹೂಂ, ಹೂಂ."

"ಅಕ್ಕ ಬತ್ತಾಳೆ ನನ್ ಜೊತೆ. ನೀವ್ ಕಾಲೇಜ್ಗೆ ಓಗಿ. ಆಸ್ಪತ್ರೆ ವಾಸ್ನೆಗೇ ನಿಮ್ಗೆ ತಲೆ ತಿರುಗ್ತದೆ."

"ಹಂಗೇ ಮಾಡು."

ಹಂಗೇ ಮಾಡು! ಅದು ನನ್ನ ಧ್ವನಿಯೇ. ಯಾರೋ ಬಂದು ನನ್ನ ಗಂಟಲಲ್ಲಿ ಕೂತು ಆಡಿದ್ದಲ್ಲ. ಪರದೆಯ ಮೇಲೆ ಆಗ ಕಾಮಗೆರೆಯ ಆಚೆಯ ರಸ್ತೆ. ಬಸ್ಸು ಲಾರಿಗಳ ಗಾಲಿಗೆ ಸಿಕ್ಕಿ ಕಾಳು ಉದುರಲಿ ಎಂದು ಯಾರೋ ಟಾರಿನ ಮೇಲೆ ಹುರುಳಿ ಗಿಡ ಹರಡಿದ್ದರು. ಚಿತ್ರ ನಿಧಾನವಾಯಿತು, ನನ್ನ ತಲೆ ಬಗ್ಗಿ ಮುಂದಿನ ಗಾಲಿಯನ್ನು ನೋಡಿತು. ನನಗೆ ಆ ಕ್ಷಣ ಚೆನ್ನಾಗಿ ನೆನಪಿದೆ. ಹುರುಳಿ ಬಳ್ಳಿ ಚೈನಿಗೆ ಸಿಕ್ಕಿಕೊಂಡೀತೆಂದು ಪ್ರಾಣ ಕೈಯಲ್ಲಿ ಹಿಡಿದಿದ್ದೆ.

"ನಿಮ್ಗೆ ಭಯ ಆಯ್ತಿಲ್ವಾ?" ಎಂದಳು ಅವಳು.

"ಏನಿಲ್ಲ ಬಿಡು. ನಿಧಾನಕ್ ಓದ್ರೆ ಆಯ್ತು."

ಗಾಲಿಯಡಿ ಹುರುಳಿ ಗಿಡ ಚರಚರ ಮುರಿದ ಸದ್ದು. ಆಮೇಲೆ ಅವಳು, ಎಷ್ಟು ಮೆಲ್ಲಗೆಂದರೆ ಕೇಳಿಸಲೆಂದು ಹೇಳಿದ್ದೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ: "ನೀವಿಂಗ್ ಧೈರ್ಯವಾಗಿರೋದ್ನ ನೋಡೇ ನಾನು ಒಪ್ಕಂಡಿದ್ದು ಕಣ್ರಿ. ಮೊದ್ಲು ಏಳ್ದಾಗ ಗಾಡಿ ಬೀಳುಸ್ಬುಡ್ತೀರಿ ಅಂತ ಇಡ್ಕಂಡ್ ಕುಂತಿದ್ದೆ."

ನಿಲ್ಲಿಸಿದೆ. ಹಿಂದಕ್ಕೆ ಎಳೆದು ಮತ್ತೆ ಕೇಳಿದೆ. ಸದ್ದಿನ ಪಟ್ಟಿಯಲ್ಲಿ ಅವಳ ಮಾತು ಗುಡ್ಡ ಗುಡ್ಡವಾಗಿ ಎದ್ದಿತ್ತು. ನನ್ನ ಹೂಂಗಳು ಸಾಸಿವೆ ಕಾಳಿನಷ್ಟು. ಅವತ್ತು ಏಳಿದ್ನಲ್ಲ ಎಂದರೆ ಎಂದು? ಎಷ್ಟು ಸಲ? ಯಾವ ತಿರುವಿನಲ್ಲಿ? ಪ್ರಪಂಚದಲ್ಲಿ ಆಗಬಹುದಾದ ಕೆಟ್ಟದ್ದನ್ನೆಲ್ಲ ಮೊದಲೇ ಊಹಿಸಿ ಚಿಂತಿಸಿ ಮುಗಿಸಿದ್ದ ನಾನು, ಆಗುತ್ತಲೇ ಇದ್ದ ಒಂದಕ್ಕೆ ಹಂಗೇ ಮಾಡು ಎಂದಿದ್ದೆ.

ಅದರ ಮುಂದಿನ ಸೋಮವಾರ ಎಂದರೆ ನಾಳೆ. ಅದು ಹೊಳೆದಾಗ ಹೆಡ್‌ಫೋನು ಕಿತ್ತಿಟ್ಟೆ. ಬೀರುವಿನ ಪಕ್ಕದಲ್ಲಿ ಬ್ಯಾಗೊಂದು ತುಂಬಿ ಕೂತಿತ್ತು. ಎರಡು ದಿನದಿಂದ ಅದನ್ನು ನೋಡುತ್ತಿದ್ದೆ. ಅಕ್ಕನ ಮನೆಗಿರಬೇಕು ಎಂದುಕೊಂಡು, ಅದರ ಜಿಪ್ಪು ಬಿಗಿಯಾಗಿದೆ, ಕಿತ್ತುಹೋದೀತು ಎಂದು ಅದಕ್ಕೂ ಚಿಂತೆ ಮಾಡಿದ್ದೆ.

ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತೆ.

"ಎಂಗ್ ಬಂದದೆ ವಿಡಿಯೋ?" ಎಂದಳು ತಿರುಗದೆ.

"ಸೌಂಡ್ ಚೆನ್ನಾಗದೆ."

ನನ್ನ ಧ್ವನಿಗೆ ತಿರುಗಿದಳು. "ಮತ್ಯಾಕೆ ಮುಖ ಇಂಗ್ ಮಾಡ್ಕಂಡಿದೀರಿ? ಹೊಸ ಕಂಪ್ಯೂಟ್ರು ಒಡ್ದಾಕುದ್ರಾ?"

"ನಾಳೆ ಯಾವ ಆಸ್ಪತ್ರೆ?"

"ಏಳಿದ್ನಲ್ರಿ. ಎಸ್ರು, ಡಾಕ್ಟ್ರು, ಯಾವ್ ಬಸ್ಸು, ಎಲ್ಲಾನೂ ಏಳ್ದೆ."

"ಎಲ್ಲಿ?"

"ಗಾಡೀಲಿ."

ಹೇಳಬೇಕಾದ್ದನ್ನು ಮುಖವೇ ಹೇಳಿರಬೇಕು. ಅವಳ ಕೈಯಿಂದ ಪಾತ್ರೆ ತೊಳೆಯುವ ಸಬೀನಾ ಪುಡಿಯ ನೊರೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಕೇಳ್ಸೇ ಇಲ್ವಾ ನಿಮ್ಗೆ? ಒಂದ್ ದಿನಾನೂ?"

"ಇಲ್ಲ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಮಣೆ ಎಳೆದು ಕೂತುಬಿಟ್ಟಳು. "ಅಯ್ಯೋ. ನಮ್ಮನೇವ್ರು ಎಂಗ್ ತಡ್ಕಂಡವ್ರೆ ನೋಡಕ್ಕಾ, ನಾನೇ ಏನೇನೋ ಅನ್ಕಂಡಿದ್ದೆ ಅಂತ ಅಕ್ಕಂಗೆ ಏಳ್ದೆನಲ್ಲಪ್ಪಾ."

"ಮನೇಲಿ ಯಾಕ್ ಏಳ್ಲಿಲ್ಲ?"

"ಮನೇಲಿ ನಿಮ್ ಮುಖ ನೋಡ್ಕಂಡು ಏಳಕ್ಕಾಯ್ತದಾ? ನೆಗಡಿ ಅಂದ್ರೆ ನಿಮೋನಿಯಾ ಅಂತೀರಿ. ಗಾಡೀಲಿ ಆದ್ರೆ ಬೆನ್ ಕಾಣ್ತದೆ. ಬೆನ್ಗೆ ಏಳ್ಬೋದು." ದುಪ್ಪಟ್ಟವಿದೆಯೆಂದುಕೊಂಡು ಬರಿ ಹೆಗಲನ್ನು ತಡವಿದಳು. "ಈಗ ನಂಗೂ ಭಯ ಆಯ್ತದೆ ಕಣ್ರಿ. ನಾಳೆ ಬ್ಯಾಡ. ಫೋನ್ ಮಾಡಿ ಮುಂದಕ್ಕಾಕ್ಸಿ."

ಇದು ಎರಡನೆಯ ಏಟು, ಮೊದಲನೆಯದಕ್ಕಿಂತ ಜೋರಾಗಿ ಬಿತ್ತು. ನನ್ನ ಕಿವುಡನ್ನು ಅವಳು ಧೈರ್ಯವೆಂದು ನಂಬಿ, ಅದರ ಮೇಲೆ ಕಾಲೂರಿ ನಿಂತಿದ್ದಳು. ಈಗ ನಾನೇ ಹೋಗಿ ಅದನ್ನು ಅವಳ ಕಾಲಡಿಯಿಂದ ಎಳೆದಿದ್ದೆ. ಮುಂದಕ್ಕೆ ಹಾಕಿಸಬಹುದೇ, ಡಾಕ್ಟರು ಏನೆಂದಿದ್ದರು ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ನನ್ನ ಮುಖ ನೋಡುವಳು, ತಲೆ ತಗ್ಗಿಸುವಳು. ನನ್ನ ಮುಖವೇ ಅಡ್ಡ ನಿಂತಿದೆ ಎಂಬುದು ನನಗೂ ಕಾಣುತ್ತಿತ್ತು. ಆದರೆ ಅದನ್ನು ಎಲ್ಲಿ ಇಟ್ಟುಬರಲಿ?

"ಬಾ," ಎಂದೆ. "ಗಾಡಿ ಮೇಲೆ ಕುಂತ್ಕ."

"ಎಲ್ಗೆ?"

"ಎಲ್ಗೂ ಇಲ್ಲ."

ಅಂಗಳದಲ್ಲಿ ದೊಡ್ಡ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಬೈಕಿನ ಮೇಲೆ ನಾನು ಹತ್ತಿ ಕೂತೆ. ಹೆಲ್ಮೆಟ್ಟಿಲ್ಲ, ಕ್ಯಾಮೆರಾ ಇಲ್ಲ, ಕೀ ಕೂಡ ಹಾಕಿರಲಿಲ್ಲ. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದವಳು ಬಂದು ಹಿಂದೆ ಕೂತಳು. ಅಭ್ಯಾಸಬಲದಿಂದ ನನ್ನ ಹೆಗಲು ಹಿಡಿದಳು. ನಾನು ಎದುರಿನ ಕಾಂಪೌಂಡ್ ಗೋಡೆಯನ್ನು ನೋಡುತ್ತ ಕೂತೆ.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ, "ಏನವ್ವಾ, ಗಾಡಿ ಸ್ಟಾರ್ಟ್ ಆಗ್ಲಿಲ್ವಾ?" ಎಂದರು.

"ಇಲ್ಲ ಕಣಕ್ಕಾ, ಪೆಟ್ರೋಲ್ ಇಳೀಲಿ ಅಂತ ಕುಂತಿದೀವಿ," ಎಂದಳು ನನ್ನ ಹೆಂಡತಿ.

ಅವರು ಒಳಗೆ ಹೋದ ಮೇಲೆ ನನ್ನ ಬೆನ್ನಿಗೆ ಹೇಳತೊಡಗಿದಳು. ತಿಂಗಳು ತಿಂಗಳೂ ರಕ್ತ ನಿಲ್ಲದೆ ಹೋದದ್ದು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿದ್ದದ್ದು. ಅಕ್ಕ ಕರೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದ್ದು. ರಕ್ತ ಕಡಿಮೆಯಿದೆ, ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಗದರಿದ್ದು. ನಾನು ಹೂಂ ಎನ್ನಲಿಲ್ಲ. ಒಂದೊಂದನ್ನೂ ಕೇಳಿದೆ. ಯಾವಾಗಿನಿಂದ, ನೋವಿದೆಯೇ, ಮಾತ್ರೆ ಯಾವುದು, ಆಪರೇಷನ್ನಿಗೆ ಪೂರ್ತಿ ಮಂಪರು ಕೊಡುತ್ತಾರೋ ಅರ್ಧವೋ.

"ಒಳ್ಳೆ ಪೊಲೀಸ್ನೋರಂಗ್ ಕೇಳ್ತೀರಲ್ರಿ," ಎಂದಳು. ಆಮೇಲೆ, "ಗಾಡಿ ಯಾಕೆ ಅಲ್ಲಾಡ್ತದೆ?"

"ನನ್ ಕಾಲು ನಡುಗ್ತದೆ."

"ಭಯ ಆಯ್ತದಾ?"

"ಆಯ್ತದೆ."

"ಎಷ್ಟು?"

"ಬೋ ಆಯ್ತದೆ ಕಣೇ."

ಹಿಂದೆ ಅವಳು ನಕ್ಕಳೋ ಮೂಗು ಒರೆಸಿಕೊಂಡಳೋ ನನಗೆ ಕಾಣಲಿಲ್ಲ. ಹೆಗಲ ಮೇಲಿನ ಕೈ ಒಮ್ಮೆ ಬಿಗಿಯಾಯಿತು. "ನಂಗೂ ಅಷ್ಟೇ," ಎಂದಳು. "ಸರಿ, ಮುಂದಕ್ಕಾಕ್ಸದ್ ಬ್ಯಾಡ. ಬೆಳಿಗ್ಗೆ ನೀವೂ ಬನ್ನಿ. ಬಸ್ಸಲ್ಲೋಗಣ. ಬೀಳಂಗಿದ್ರೆ ಬೀಳಿ, ಅಲ್ಲೇ ಆಸ್ಪತ್ರೆ ಅದೆ."

ಮೈಸೂರಿನ ಆ ಆಸ್ಪತ್ರೆಯ ಮೊಗಸಾಲೆಯಲ್ಲಿ ನಾನೂ ಅವಳ ಅಕ್ಕನೂ ಕೂತಿದ್ದೆವು. ಆಪರೇಷನ್ ಕೋಣೆಯ ಬಾಗಿಲು ಅರ್ಧ ತೆರೆದು ನರ್ಸೊಬ್ಬಳು ಅವಳ ಹೆಸರು ಕೂಗಿ, "ಇವರ ಯಜಮಾನ್ರು ಯಾರು? ಬನ್ನಿ ಸಾರ್, ನೋಡ್ಬಿಡಿ," ಎಂದಳು. ಅವಳನ್ನು ತೋರಿಸುತ್ತಾರೆಂದು ಎದ್ದು ಓಡಿದೆ. ನರ್ಸಿನ ಕೈಯಲ್ಲಿ ಸ್ಟೀಲಿನ ತಟ್ಟೆಯಿತ್ತು. ಕೊಯ್ದು ತೆಗೆದದ್ದನ್ನು ಮನೆಯವರಿಗೆ ಹೀಗೆ ತಂದು ತೋರಿಸುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಥವಾ ಅದನ್ನೂ ಗಾಡಿಯಲ್ಲಿ ಹೇಳಿದ್ದಳೋ ಏನೋ.

"ನಾನ್ ನೋಡ್ತೀನಿ ಬುಡಿ, ನೀವ್ ಕುಂತ್ಕಳಿ," ಎಂದು ಅವಳ ಅಕ್ಕ ಹಿಂದಿನಿಂದ ಅಂಗಿ ಜಗ್ಗಿದರು. ನಾನು ಕೂರಲಿಲ್ಲ.

ಗರ್ಭಕೋಶಕ್ಕೆ ಅಂಟಿದ ಗಡ್ಡೆ ದೊಡ್ಡ ಸೀಬೆಹಣ್ಣಿನ ಗಾತ್ರದ್ದು, ಅದರ ಮಗ್ಗುಲಿಗೆ ಇನ್ನೊಂದು ಚಿಕ್ಕದು. ಕೆಂಪು, ಬಿಳಿ, ಒದ್ದೆ. ನರ್ಸು ಕೈಗವಸಿನ ಬೆರಳಿಂದ ಹೊರಳಿಸಿ ತೋರಿಸಿದಳು. "ನೋಡಕ್ಕೆ ಕೆಟ್ಟದ್ದು ಅನ್ಸಲ್ಲ ಅಂದ್ರು ಡಾಕ್ಟ್ರು. ಆದ್ರೂ ಟೆಸ್ಟಿಗೆ ಕಳಿಸ್ತೀವಿ." ನಾನು ತಲೆಯಾಡಿಸಿದೆ. ನನ್ನ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ಇದು, ಇಷ್ಟು ದೊಡ್ಡದು, ಅಷ್ಟು ಸಲ ನನ್ನ ಬೆನ್ನಿಗೆ ಒತ್ತಿಕೊಂಡು ಹನೂರಿಗೆ ಹೋಗಿ ಬಂದಿದೆ. ಪೆಟ್ರೋಲಿನ ಮುಳ್ಳು ನೋಡುತ್ತಿದ್ದ ನನ್ನಿಂದ ಒಂದು ಗೇಣಿನ ಹಿಂದೆ.

ಸಂಜೆ ಅವಳಿಗೆ ಎಚ್ಚರವಾಯಿತು. ತುಟಿ ಒಣಗಿತ್ತು. ಹತ್ತಿಯನ್ನು ನೀರಿನಲ್ಲಿ ಅದ್ದಿ ಸವರಿದೆ. ಕಣ್ಣು ಪೂರ್ತಿ ಬಿಡದೆ ಕೇಳಿದಳು.

"ನೋಡುದ್ರಾ?"

"ನೋಡ್ದೆ."

"ಬಿದ್ರಾ?"

"ಇಲ್ಲ."

"ಸುಳ್ಳು."

"ಇಲ್ಲ ಕಣೇ," ಎಂದರು ಅವಳ ಅಕ್ಕ ಮಂಚದ ಆ ಬದಿಯಿಂದ. "ಬೀಳ್ಲಿಲ್ಲ. ಕಂಬ ಇಡ್ಕಂಡು ನಿಂತಿದ್ರು. ಬುಡ್ಸಕ್ಕೆ ಇಬ್ರು ಬೇಕಾಯ್ತು."